ಅಕ್ಕನ ನರದ ಔಷಧ

ಮೊನ್ನೆ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಮುಂಚೆ ನರ್ಸ್ ಹುಡುಗಿ ಹತ್ತಿಗೆ ಸ್ಪಿರಿಟ್ ಹಚ್ಚಿ ನನ್ನ ತೋಳು ಒರೆಸಿದಳು. ಅದಕ್ಕೂ ಮುಂಚೆ ಕಿತ್ತಳೆ ಹಣ್ಣು ಸುಲಿದಿದ್ದಳೋ ಏನೋ, ಅವಳ ಬೆರಳಲ್ಲಿ ಸಿಪ್ಪೆಯ ವಾಸನೆಯಿತ್ತು. ಎರಡೂ ಬೆರೆತು ಮೂಗಿಗೆ ಬಡಿದವು. ಸೂಜಿ ಚುಚ್ಚಿ, "ನೋವಾಯಿತಾ ಅಜ್ಜಿ?" ಎಂದಳು. ಇಲ್ಲವೆಂದೆ. ಕಣ್ಣು ತುಂಬಿದ್ದು ಸೂಜಿಗಲ್ಲ ಎಂದು ಅವಳಿಗೆ ಹೇಗೆ ಹೇಳಲಿ...

ಅದು ಅಕ್ಕನ ಬಾಯಿಯ ವಾಸನೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಬಳ್ಳಾರಿಯಿಂದ ಆದೋನಿಯ ಹತ್ತಿ ಸಾವುಕಾರರ ಮನೆಗೆ ನಾನು ಸೊಸೆಯಾಗಿ ಬಂದಾಗ ನನಗೆ ಹದಿನೇಳು ವರ್ಷ, ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆಗ ಆದೋನಿಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಮನೆಯ ಮುಂಭಾಗವೆಲ್ಲ ಹತ್ತಿ ತುಂಬಿದ ಅಂಡಿಗೆ ಚೀಲಗಳು, ದಲ್ಲಾಳಿಗಳು, ತೆಲುಗು ಕನ್ನಡ ಬೆರೆತ ಮಾತು. ಹೆಂಗಸರಿಗೆ ಅಲ್ಲಿಗೆ ಹೋಗುವ ರೂಢಿಯಿರಲಿಲ್ಲ. ನಮ್ಮದು ನಡುಮನೆ, ಅಡುಗೆಮನೆ, ಹಿತ್ತಲು, ಅಷ್ಟೇ. ಅಕ್ಕ ನಡುಮನೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಎದ್ದರೆ ಗೋಡೆ ಹಿಡಿದು ನಡೆಯಬೇಕು. ಹಣೆ, ಕೆನ್ನೆಯ ಮೇಲೆಲ್ಲ ಕೆಂಪು ಗುಳ್ಳೆ. ನಾಲಿಗೆ ದಪ್ಪವಾದಂತೆ ತೊದಲು ಮಾತು. "ನಿಮ್ಮ ತೌರು ಯಾವೂರು ತಂಗಿ?" ಎಂದು ಬೆಳಿಗ್ಗೆ ಕೇಳಿದ್ದನ್ನೇ ಮಧ್ಯಾಹ್ನ ಕೇಳುತ್ತಿದ್ದಳು. ಹುಟ್ಟಿನಿಂದಲೇ ಮಂದ ಹೆಣ್ಣೆಂದು ನಾನು ತಿಳಿದಿದ್ದೆ.

ದಿನಕ್ಕೆ ಮೂರು ಸಲ ಅತ್ತೆ ಅವಳಿಗೆ ಔಷಧ ಕುಡಿಸುತ್ತಿದ್ದರು. ಮದ್ರಾಸಿನಿಂದ ರೈಲಿನಲ್ಲಿ ಬರುತ್ತಿದ್ದ, ಸ್ಪಿರಿಟ್ ಮತ್ತು ಕಿತ್ತಳೆ ಸಿಪ್ಪೆ ವಾಸನೆಯ ಸೀಮೆ ಔಷಧ, ಚೌಕನೆಯ ಕಂದು ಬಾಟಲಿ. ಅದರ ಸುತ್ತ ಒಂದು ತೆಳು ಕಾಗದ, ಐದು ಭಾಷೆಯ ಅಚ್ಚು. ಮೇಲೆ ನಗುತ್ತಿರುವ ಒಬ್ಬ ದೊರೆಸಾನಿಯ ಚಿತ್ರ. ಆ ಮನೆಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ನರಗಳ ದೌರ್ಬಲ್ಯ, ಎದೆ ಬಡಿತ, ನಿದ್ರೆ ಬಾರದಿರುವುದು, ಸ್ತ್ರೀಯರ ಅಳು, ಕಾರಣವಿಲ್ಲದ ಕೋಪ, ಮರೆವು, ಎಲ್ಲವೂ ಗುಣವಾಗುತ್ತದೆಂದು ಅದರಲ್ಲಿತ್ತು. ಓದಿ ಹೇಳಿದರೆ ಅಕ್ಕ ತಲೆಯಾಡಿಸುತ್ತಿದ್ದಳು. ಆ ಹೊತ್ತಿಗೆ ತಾನು ಉಂಡಿದ್ದೇನೋ ಇಲ್ಲವೋ ಅವಳಿಗೆ ನೆನಪಿರುತ್ತಿರಲಿಲ್ಲ.

ಒಂದು ದಿನ ಜೋಳ ಹಸನು ಮಾಡುತ್ತ ಅತ್ತೆಯೇ ಹೇಳಿದರು. "ಆಕಿ ಮದಲು ಹಿಂಗ ಇರಲಿಲ್ಲವ್ವಾ. ಹೊಳಗುಂದದ ಒಕ್ಕಲಿಗನ ಮಗಳು. ಹತ್ತಿ ಎಳಿ ಬೆರಳಾಗ ಹಿಡದು ಎಳದಳಂದ್ರ ಯಾವ ಹೊಲದ್ದು, ಎಂಥಾದ್ದು ಅಂತ ಹೇಳ್ತಿದ್ಲು. ಅದ ಕೇಡಾತು ನೋಡು."

ನಾನು ಬರುವ ಕೆಲವು ವರ್ಷ ಮುಂಚೆ ಮುಂಬಯಿಯಿಂದ ಹತ್ತಿ ಕೊಳ್ಳುವವರು ಬಂದು ಕೂತಿದ್ದಾಗ ಅಕ್ಕ ನಡುಮನೆ ದಾಟಿ ಮುಂದಕ್ಕೆ ಹೋಗಿ, ಎಲ್ಲರೆದುರು ಅಂಡಿಗೆಯೊಳಗೆ ಕೈಯಿಟ್ಟು, "ಇದು ನೀರು ಕುಡದೈತಿ" ಎಂದುಬಿಟ್ಟಳಂತೆ. ತೂಕ ಹೆಚ್ಚಲೆಂದು ನೀರು ಹೊಡೆಸಿದ್ದವರು ಅವಳ ಗಂಡ, ನಮ್ಮ ಭಾವನವರೇ. ಬಂದವರು ಎದ್ದು ಹೋದರು. ಒಳಗೆ ಬಂದ ಭಾವನವರು ಆಕೆಗೆ ಹೊಡೆದರು. ಅಂದೇ ಮಧ್ಯಾಹ್ನ ಹತ್ತಿ ಇಳಿಸಿ ಹೊಳಗುಂದಕ್ಕೆ ತಿರುಗಿದ್ದ ಬಂಡಿಯೊಂದನ್ನು ಏರಿ ಅಕ್ಕ ಹೊರಟಳು. ಊರ ಹೊರಗೆ ಹಿಡಿದು ಕರೆತಂದರು. ಆಮೇಲೆ ಮೂರು ದಿನ ಉಣ್ಣಲಿಲ್ಲ, ಕೂಗಾಡಿದಳು. ಗಂಡನ ಮನೆಯಿಂದ ಹೆಂಗಸು ತಾನಾಗಿ ಬಂಡಿ ಹತ್ತುವುದೆಂದರೆ ತಲೆ ಕೆಟ್ಟಿರಲೇಬೇಕು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಯಾರೋ ತೆಲುಗು ಪತ್ರಿಕೆಯಲ್ಲಿ ನೋಡಿದ್ದ ಜಾಹೀರಾತು ತೋರಿಸಿದರು. ಬಾಟಲಿ ಬಂತು.

"ಅವತ್ತಿನಿಂದ ಒಂದು ದಿನ ದನಿ ಎತ್ತಿಲ್ಲ ನೋಡು," ಎಂದರು ಅತ್ತೆ. "ಬಂಗಾರದಂಥ ಔಷಧ."

ನಾನು ಬಂದ ವರ್ಷವೇ ಅಕ್ಕನ ತಾಯಿ ತೀರಿಕೊಂಡರು. ಅವಳನ್ನು ಬಂಡಿಯಲ್ಲಿ ಹೊಳಗುಂದಕ್ಕೆ ಕರೆದೊಯ್ದೆವು. ನಾನು ಪಕ್ಕದಲ್ಲೇ ಇದ್ದೆ. ತಾಯಿಯ ದೇಹದ ಹತ್ತಿರ ಕೂತು ಅಕ್ಕ ಸುತ್ತ ಅಳುತ್ತಿದ್ದವರಿಗೆ, "ಅವ್ವ ಮಲಗ್ಯಾಳ, ಎಬ್ಬಿಸಬ್ಯಾಡ್ರಿ" ಎಂದಳು. ಸಂಜೆಗೆ ವಾಪಸು ಕರೆತಂದೆವು...

ಮರುವರ್ಷ ಬಾಣಂತನಕ್ಕೆ ಬಳ್ಳಾರಿಗೆ ಹೋದಾಗ ಬಾಟಲಿಯ ಆ ಕಾಗದ ನನ್ನ ಪೆಟ್ಟಿಗೆಯಲ್ಲಿತ್ತು. ಹೆರಿಗೆ ಮಾಡಿಸಿದ ಡಾಕ್ಟರಮ್ಮನಿಗೆ ತೋರಿಸಿದೆ. ಅಕ್ಕನ ಮುಖದ ಗುಳ್ಳೆ, ತೊದಲು, ಮರೆವು, ಎಲ್ಲ ಹೇಳಿದೆ. ಆಕೆ ಇಂಗ್ಲಿಷಿನ ಭಾಗವನ್ನು ಎರಡು ಸಲ ಓದಿದರು. "ಇದು ಶಕ್ತಿ ಕೊಡೋ ಔಷಧ ಅಲ್ಲಮ್ಮ, ಮಂಪರು ಬರಿಸೋದು. ವರ್ಷಗಟ್ಟಲೆ ಕುಡಿಸಿದರೆ ಯಾರಾದರೂ ಹಾಗೇ ಆಗ್ತಾರೆ. ಕಾಯಿಲೆ ಆಕೆಯದಲ್ಲ, ಬಾಟಲಿಯದು. ನಿಲ್ಲಿಸಿ, ಆದರೆ ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪವಾಗಿ" ಎಂದರು.

ಕೂಸಿನೊಂದಿಗೆ ಆದೋನಿಗೆ ಬಂದವಳು ಗಂಡನಿಗೆ ಹೇಳಿದೆ. "ಅಣ್ಣನ ಸಂಸಾರ ಅದು. ನೀ ಬಾಯಿ ಹಾಕಬ್ಯಾಡ" ಎಂದರು. ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾಗಿತ್ತು. ಔಷಧ ಕೊಡುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ದಿನಕ್ಕಿಷ್ಟೆಂದು ಬಾಟಲಿಯದನ್ನು ಹಿತ್ತಲಿಗೆ ಚೆಲ್ಲಿ ಬೆಲ್ಲದ ನೀರು ಬೆರೆಸುತ್ತ ಹೋದೆ. ಹತ್ತು ಹದಿನೈದು ದಿನ ಅಕ್ಕನ ಕೈ ನಡುಗಿತು, ಮೈ ಬೆವರಿತು. ಹೆದರಿ ಬಿಟ್ಟುಬಿಡೋಣವೆಂದುಕೊಂಡೆ. ಬಿಡಲಿಲ್ಲ. ತಿಂಗಳಾಗುವಷ್ಟರಲ್ಲಿ ಬಾಟಲಿಯಲ್ಲಿ ಬರೀ ಬೆಲ್ಲದ ನೀರಿತ್ತು.

ಒಂದು ಮಧ್ಯಾಹ್ನ ನಾನು ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದೆ. ದೀಪದ ಬತ್ತಿ ಹೊಸೆಯಲೆಂದು ಇಟ್ಟಿದ್ದ ಹತ್ತಿಯನ್ನು ಅಕ್ಕ ಕೈಗೆತ್ತಿಕೊಂಡಳು. ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದಳು.

"ಇದು ನಮ್ಮ ಕಡೀದಲ್ಲ ತಂಗಿ. ಎಳಿ ಗಿಡ್ಡ ಐತಿ."

ತೊದಲಿರಲಿಲ್ಲ.

ಅಲ್ಲಿಂದ ದಿನಕ್ಕೊಂದಿಷ್ಟು ಅಕ್ಕ ಹೊರಬಂದಳು. ಮುಖದ ಗುಳ್ಳೆ ಮಾಯ್ದವು. ಗೋಡೆ ಬಿಟ್ಟು ನಡೆದಳು. ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕಳೆ ತೆಗೆಯುವಾಗಿನ ಹಾಡು ಹೇಳಿದಳು. ಅತ್ತೆಯ ನಡಿಗೆಯನ್ನು ಅಣಕಿಸಿ ತೋರಿಸಿ ನನ್ನನ್ನು ನಗಿಸಿದಳು! ಇಂಥವಳ ಜೊತೆ ಎರಡು ವರ್ಷ ಇದ್ದೂ ನಾನು ಅವಳನ್ನು ನೋಡಿಯೇ ಇರಲಿಲ್ಲ ಅನ್ನಿಸಿತು. ಔಷಧ ಕೊನೆಗೂ ನಾಟಿತೆಂದು ಅತ್ತೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮುಂದೆ ಬರುವುದನ್ನು ನಾನು ಯೋಚಿಸಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಕೇಳಿದಳು, "ನಮ್ಮವ್ವ ಯಾಕ ಒಂದು ಸಲನೂ ನನ್ನ ನೋಡಾಕ ಬರಲಿಲ್ಲ?"

ಸುಳ್ಳು ಹೊಳೆಯದೆ, ಅವ್ವ ತೀರಿಹೋದದ್ದನ್ನು ಹೇಳಿದೆ. ನೀನೂ ಹೋಗಿದ್ದೆ ಅಕ್ಕ, ಪಕ್ಕದಲ್ಲೇ ಕೂತಿದ್ದೆ, ಎಂದೆ.

"ಅತ್ತಿದ್ದೆನಾ?"

ನಾನು ಅವಳ ಕೈ ಹಿಡಿದುಕೊಂಡೆ. ಅವಳಿಗೆ ಅರ್ಥವಾಯಿತು. ಎರಡು ವರ್ಷದ ಹಿಂದಿನ ಸಾವಿಗೆ ಅವಳು ಅಂದು ಎದೆ ಬಡಿದುಕೊಂಡು ಅತ್ತಳು. ಮರುದಿನವೂ ಅತ್ತಳು. ಮೂರನೆಯ ದಿನ ಮುಖ ತೊಳೆದು, ತಲೆ ಬಾಚಿ, ಊಟಕ್ಕೆ ಬಂದ ಭಾವನವರೆದುರು ನಿಂತಳು.

"ಒಂದು ತಿಂಗಳು ಊರಿಗೆ ಕಳಸ್ರಿ. ಅವ್ವನ ಸಮಾಧಿ ನೋಡಬೇಕು. ಅಣ್ಣ ಅದಾನ. ಬರತೀನಿ ತಿರುಗಿ."

ಭಾವನವರು ತಾಟಿನಿಂದ ತಲೆಯೆತ್ತಲಿಲ್ಲ. ಅತ್ತೆಯ ಕಡೆ ನೋಡಿ, "ಬ್ಯಾನಿ ತಿರುಗಿ ಬಂದಂಗೈತಿ. ಎರಡು ಚಮಚ ಜಾಸ್ತಿ ಹಾಕ್ರಿ" ಎಂದರು.

ಅವರನ್ನು ಕೆಟ್ಟವರೆಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಆ ಔಷಧ ಅವರಿಗೆ ನಿಜವಾಗಿಯೂ ಔಷಧವಾಗಿತ್ತು. ಬಾಟಲಿ ತಡವಾದರೆ ಸ್ಟೇಷನ್ನಿಗೆ ತಾವೇ ಹೋಗಿ ವಿಚಾರಿಸುತ್ತಿದ್ದರು.

ಕರೆದೊಯ್ಯಲು ಬಾ ಎಂದು ಅಕ್ಕ ತನ್ನ ಅಣ್ಣನಿಗೆ ಕಾಗದ ಬರೆಸಿದಳು. ನಾನೇ ಬರೆದೆ. ಅಣ್ಣ ಬಂದ. ಮುಂಭಾಗದಲ್ಲಿ ಭಾವನವರೊಡನೆ ಕೂತು ಚಹಾ ಕುಡಿದ. ಆಮೇಲೆ ನಡುಮನೆಯ ಬಾಗಿಲಿಗೆ ಬಂದು, "ನಿನ್ನ ಯಜಮಾನ್ರು ಇಷ್ಟು ಖರ್ಚು ಮಾಡಿ ನೋಡಿಕೊಳ್ಳಾಕ ಹತ್ಯಾರ. ಗಟ್ಟಿ ಮನಸು ಮಾಡು ತಂಗೆವ್ವ" ಎಂದು ಹೇಳಿ ಹೊರಟುಹೋದ. ಅವನ ಬೆನ್ನನ್ನೇ ನೋಡುತ್ತ ಅಕ್ಕ ನಿಂತಿದ್ದಳು. ಅವತ್ತು ಅಳಲಿಲ್ಲ.

ಎರಡು ದಿನ ಬಿಟ್ಟು, ನಾನು ಚಮಚ ಹಿಡಿದು ಹೋದಾಗ ನನ್ನ ಕೈ ಹಿಡಿದಳು.

"ಬೆಲ್ಲದ ನೀರು ಅಂತ ನನಗ ಯಾವಾಗಲೋ ಗೊತ್ತಾಗೈತಿ. ನಾಳಿಂದ ಖರೇ ಔಷಧಾನ ಹಾಕು."

"ಯಾಕಕ್ಕ? ಅದನ್ನ ಕುಡದ ಹಂಗಾಗಿದ್ದಿ. ನಾ ಹಾಕಂಗಿಲ್ಲ."

"ಎಚ್ಚರಾಗಿ ಎಲ್ಲಿಗೆ ಹೋಗ್ಲಿ ಹೇಳು. ಮದಲು ಬಾಗಲಾನ ಕಾಣತಿರಲಿಲ್ಲ. ಈಗ ದಿನಾ ಕಾಣತೈತಿ, ಅದು ಮುಚ್ಚಿದ್ದೂ ಕಾಣತೈತಿ. ಹಿಂಗ ಇನ್ನ ಎಷ್ಟು ವರ್ಷ ಕುಂದರಲಿ?"

ಬಳ್ಳಾರಿಯ ಡಾಕ್ಟರಮ್ಮನ ಬಳಿ ಹೋಗೋಣ ಎಂದೆ. ನನ್ನ ಅಪ್ಪನಿಗೆ ಹೇಳುತ್ತೇನೆ ಎಂದೆ. ಹೇಳುತ್ತಿರುವಾಗಲೇ ಇದ್ಯಾವುದೂ ಆಗದೆಂದು ನನಗೆ ಗೊತ್ತಿತ್ತು. ನನ್ನ ದನಿಯಲ್ಲೇ ಅವಳಿಗೂ ತಿಳಿದಿರಬೇಕು. ನನ್ನ ಕೆನ್ನೆ ಸವರಿದಳು. "ನೀ ಒಳ್ಳೇದ ಮಾಡಿದಿ ತಂಗಿ. ಅವ್ವನ ಸಲುವಾಗಿ ಅತ್ತೆನಲ್ಲ, ಅಷ್ಟು ಸಾಕು."

ಆರು ದಿನ ನಾನು ಬೆಲ್ಲದ ನೀರನ್ನೇ ಕೊಟ್ಟೆ. ಆರು ದಿನವೂ ಅವಳು ಮಾತಿಲ್ಲದೆ ಕುಡಿದು ನನ್ನ ಮುಖ ನೋಡಿದಳು. ಏಳನೆಯ ದಿನ ಹೊಸ ಬಾಟಲಿಯ ಮುಚ್ಚಳ ತೆಗೆದೆ.

ಅವಳು ಬೇಡಿದ್ದಕ್ಕೆ ಕೊಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ಸಿಕ್ಕಿಬಿದ್ದರೆ ಏನಾದೀತೆಂಬ ಭಯ ನನಗಿತ್ತು. ಅವಳು ಮತ್ತೆ ಕಂಬಕ್ಕೊರಗಿ ಕೂತಾಗ ಮನೆ ತಣ್ಣಗಾಯಿತು, ನನ್ನ ಎದೆಯೂ ಒಂದಿಷ್ಟು ಹಗುರಾಯಿತು. ಅದನ್ನು ಯಾರಿಗೂ ಹೇಳಿಲ್ಲ...

ಯುದ್ಧ ಬಂದು ಸೀಮೆಯ ಬಾಟಲಿ ನಿಂತಾಗ ಅಂಥದ್ದೇ ಇನ್ನೊಂದು ಮುಂಬಯಿಯಿಂದ ಬಂತು. ಯುದ್ಧ ಮುಗಿಯುವ ಮೊದಲೇ ಅಕ್ಕ ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಹೋದಳು. ಕೊನೆಯಲ್ಲಿ ನನ್ನ ಗುರುತೂ ಅವಳಿಗೆ ಇರಲಿಲ್ಲ. ಭಾವನವರು ಮಗುವಿನಂತೆ ಅತ್ತರು.

ಆ ಮನೆ ಈಗ ಬೇರೆಯವರ ಪಾಲಾಗಿದೆ. ಅಕ್ಕನ ಒಂದು ಫೋಟೋ ಕೂಡ ಇಲ್ಲ. ಅವಳ ತೊಡೆಯ ಮೇಲೆ ಆಡಿದ ನನ್ನ ಮಗಳಿಗೆ ನೆನಪಿರುವುದು ಕಂಬಕ್ಕೊರಗಿ ಕೂತ, ತೊದಲುವ ದೊಡ್ಡವ್ವ ಮಾತ್ರ. "ದೊಡ್ಡವ್ವಗ ಮದಲಿಂದ ತಲಿ ಸರಿ ಇರಲಿಲ್ಲಲ್ಲವ್ವ?" ಎಂದು ಮೊನ್ನೆ ಆಸ್ಪತ್ರೆಯಿಂದ ಬರುವಾಗ ಕೇಳಿದಳು. ಅತ್ತೆಯನ್ನು ಅಣಕಿಸಿ ನನ್ನನ್ನು ನಗಿಸಿದ ಹೆಂಗಸನ್ನು ಕಂಡವರಲ್ಲಿ ಬದುಕಿರುವವಳು ಈಗ ನಾನೊಬ್ಬಳೇ. ಆಟೋ ಮನೆ ಮುಟ್ಟುವವರೆಗೆ ಮಗಳಿಗೆ ಎಲ್ಲವನ್ನೂ ಹೇಳಿದೆ. ಏಳನೆಯ ದಿನದ್ದನ್ನು ಮಾತ್ರ ಹೇಳಲಾಗಲಿಲ್ಲ.