ಊದದೆ ಬಿಟ್ಟ ಸೀಟಿ

ದೇವೇಂದ್ರ ಹುಬ್ಬಳ್ಳಿ ಕಡೆಯವರು. ಅಮೆರಿಕದ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸ. ಚಳಿಗಾಲ ಬಂತೆಂದರೆ ರಜಾದಿನಗಳಲ್ಲಿ ಪಟ್ಟೆ ಅಂಗಿ ತೊಟ್ಟು ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಾರೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ, "ದೇವೇಂದ್ರ ಅವ್ರೇ, ಫೌಲ್ ಕೊಡಿ!" ಎಂದು ಜನ ನಗುತ್ತಿದ್ದರು. ಅವರು ನಗದೆ, ನುಗ್ಗಿದವರನ್ನು ನಿಜವಾಗಿಯೂ ಹಿಂದಕ್ಕೆ ಕಳಿಸುತ್ತಿದ್ದರು.

ಆ ಶನಿವಾರ ದೇವೇಂದ್ರ ರೆಫರಿಯಾಗಿದ್ದ ಪಂದ್ಯದಲ್ಲಿ ಡೆಟ್ರಾಯಿಟ್ ಬಳಿಯ ಸಣ್ಣ ಕಾಲೇಜೊಂದರ ಹುಡುಗಿಯರು ಷಿಕಾಗೊ ಕಡೆಯ ತಂಡದೊಡನೆ ಆಡುತ್ತಿದ್ದರು. ಸೋತವರಿಗೆ ಆ ವರ್ಷದ ಆಟ ಅಲ್ಲಿಗೇ ಮುಗಿಯುತ್ತಿತ್ತು. ಡೆಟ್ರಾಯಿಟ್ ತಂಡದಲ್ಲಿ ಪ್ಲಿಮತ್ ಪಕ್ಕದ ಕ್ಯಾಂಟನ್‌ನ ಧೃತಿ ಇದ್ದಳು. ಅವಳದು ಕಾಲೇಜಿನ ಕೊನೆಯ ವರ್ಷ. ಸೋತರೆ ಆ ಅಂಗಿ ತೊಟ್ಟು ಮತ್ತೆ ಆಡುವಂತಿರಲಿಲ್ಲ. ದೇವೇಂದ್ರ ಅವಳನ್ನು ಕೂಟದಲ್ಲಿ ದೂರದಿಂದ ಕಂಡಿದ್ದರು, ಅಷ್ಟೆ.

ಆಟ ಮುಗಿಯುತ್ತ ಬಂದಾಗ ಧೃತಿಯ ತಂಡ ಒಂದು ಅಂಕ ಹಿಂದಿತ್ತು. ಎದುರಾಳಿ ಅಂಗಿ ಹಿಡಿದು ಎಳೆದಾಗ, ಹಿರಿಯರನ್ನು ಕರೆಯುವ ರೂಢಿಯ ಮಾತೇ ಅವಳ ಬಾಯಿಂದ ಬಂದುಬಿಟ್ಟಿತು.

"ಅಂಕಲ್! ಹೋಲ್ಡಿಂಗ್, ಅಂಕಲ್!"

"ಓಹೋ, ನಿನ್ನ ಚಿಕ್ಕಪ್ಪನಾ?" ಎಂದು ಷಿಕಾಗೊ ಕೋಚ್ ಇಂಗ್ಲಿಷಿನಲ್ಲಿ ಕೂಗಿದ. "ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಅವನ ಮನೇಲೇನಾ?"

ಅವನ ಬೆಂಚು ಪೂರ್ತಿ ನಕ್ಕಿತು. ದೇವೇಂದ್ರರ ಕಿವಿ ಬಿಸಿಯಾಯಿತು.

ಕೊನೆಯ ಕ್ಷಣದಲ್ಲಿ ಧೃತಿ ಚೆಂಡೆತ್ತಿದಳು. ಎದುರಾಳಿಯ ಕೈ ಅವಳ ಮೊಣಕೈಗೆ ಬಡಿಯಿತು. ದೇವೇಂದ್ರರ ಹಲ್ಲುಗಳ ನಡುವೆಯೇ ಇದ್ದ ಸೀಟಿ ಸದ್ದು ಮಾಡಲಿಲ್ಲ. ತಡವಾಗಿ ಹೊರಟ ಚೆಂಡು ಬಾಸ್ಕೆಟ್ಟಿಗೆ ಬಿತ್ತು. ಸಮಯ ಮುಗಿದ ಗಂಟೆಯೂ ಮೊಳಗಿತ್ತು.

ಯಾವುದು ಮೊದಲು? ರೆಫರಿಗಳು ಮಾನಿಟರ್ ಬಳಿಗೆ ಹೋದರು. ನಿಧಾನವಾಗಿ ಓಡುವ ಚಿತ್ರದಲ್ಲಿ ಏಟು ಸ್ಪಷ್ಟವಾಗಿತ್ತು. ಏಟಿನಿಂದಾಗಿ ಚೆಂಡು ಕೈಯಲ್ಲೇ ಉಳಿದದ್ದು, ಅಷ್ಟರಲ್ಲಿ ಸಮಯ ಮುಗಿದ ಕೆಂಪು ದೀಪ ಹೊತ್ತಿದ್ದು, ಎರಡೂ ಕಂಡವು. ಆದರೆ ಅಂಗಳದಲ್ಲಿ ಕೊಡದೆ ಬಿಟ್ಟ ಮಾಮೂಲಿ ಫೌಲನ್ನು ಮಾನಿಟರ್ ನೋಡಿ ಕೊಡುವಂತಿಲ್ಲ. ತೀರ ಒರಟು ಹೊಡೆತವಾದರೆ ಬೇರೆ ಮಾತು, ಇದು ಅಂಥದ್ದಲ್ಲ. ಇಲ್ಲಿ ಕೇಳಬಹುದಾದ ಪ್ರಶ್ನೆ ಒಂದೇ: ದೀಪ ಹೊತ್ತಿದಾಗ ಚೆಂಡು ಕೈಯಲ್ಲಿತ್ತೇ? ಇತ್ತು. ದೇವೇಂದ್ರ ಎರಡೂ ಕೈ ಬೀಸಿ ಬಾಸ್ಕೆಟ್ ಲೆಕ್ಕಕ್ಕಿಲ್ಲವೆಂದು ತೋರಿಸಿದರು. ಧೃತಿ ಅಲ್ಲೇ ಕುಸಿದು ಕೂತಳು.

ರೆಫರಿಗಳ ಮೇಲ್ವಿಚಾರಕ ಬಂದು ಅವರ ಬೆನ್ನು ತಟ್ಟಿದ. "ರಿವ್ಯೂ ಅಂದರೆ ಹೀಗಿರಬೇಕು."

ಮರುದಿನ ಕ್ಯಾಂಟನ್‌ನ ಇಂಡಿಯನ್ ಅಂಗಡಿಯಲ್ಲಿ ದೇವೇಂದ್ರರಿಗೆ ಧೃತಿಯೂ ಅವಳ ತಾಯಿ ಸರಳಾ ಅವರೂ ಎದುರಾದರು.

"ಏನ್ರೀ, ಆ ಏಟು ಟಿವೀಲಿ ಕಾಣಿಸ್ತಾ?" ಎಂದರು ಸರಳಾ.

"ಕಂಡ್ತರಿ. ಆದ್ರ ಅದನ್ನ ನೋಡಿ ಫೌಲ್ ಕೊಡಾಕ ಬರೂದಿಲ್ರಿ. ರೂಲ್ ಇಲ್ಲ."

"ಅಯ್ಯೋ, ಹಾಗಾದ್ರೆ ನಿಮ್ದೇನ್ ತಪ್ಪು ಬಿಡಿ. ಅಷ್ಟು ಸ್ಪೀಡಲ್ಲಿ ಯಾರ ಕಣ್ಣಾದ್ರೂ ತಪ್ಪತ್ತೆ."

ಧೃತಿ ಬಿಡಲಿಲ್ಲ. "ಟಿವಿ ಅಲ್ಲ. ಆನ್ ದ ಕೋರ್ಟ್. ಡಿಡ್ ಯೂ ಸೀ ಇಟ್?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ದೇವೇಂದ್ರ ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಕೆಳಗಿಟ್ಟರು.

"ನೋಡೀನವಾ," ಎಂದರು. "ಆವಾಗೂ ನೋಡೀನಿ."

ಸರಳಾ ಅವರ ಮುಖದ ಕನಿಕರ ಆರಿಹೋಯಿತು. "ನಮ್ಮವಳು ಅಂತಲೇ ಕೊಡ್ಲಿಲ್ಲ, ಅಲ್ವಾ?"

ದೇವೇಂದ್ರ ಹೌದೆಂದು ತಲೆಯಾಡಿಸಿದರು. ಧೃತಿ ಸಾಮಾನು ತುಂಬಿದ್ದ ಗಾಡಿಯನ್ನು ಅಲ್ಲೇ ಬಿಟ್ಟು ಕಾರಿನ ಕಡೆ ನಡೆದಳು.