ಇಂದಿರಾಪುರಂನ ಮರಳಿನಲ್ಲಿ ಒಂದು ಗುಡ್ಡ

ಜನವರಿಯಲ್ಲಿ ಹುಬ್ಬಳ್ಳಿಯಿಂದ ದಿಲ್ಲಿ ರೈಲು ಹತ್ತಿದೆ. ಒಂದು ಚೀಲ, ಹತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಇಷ್ಟೇ ಸಾಮಾನು. ಜೊತೆಗೆ ಬರುವವರು ಯಾರೂ ಇಲ್ಲ, ಅದನ್ನು ಉದ್ದ ಮಾಡಿ ಬರೆಯುವುದೇನಿದೆ.

ಹೋದ ಕಾರಣ ಹೇಳುತ್ತೇನೆ. ನನ್ನ ಗಂಡ ಎಪ್ಪತ್ತೊಂದರ ಯುದ್ಧದಲ್ಲಿ ಸತ್ತರು. ಗಡಿಯ ಒಂದು ಗುಡ್ಡದ ಮೇಲೆ ವೈರಿಗಳು ಬಂಕರ್ ಕಟ್ಟಿ ಕೂತಿದ್ದರಂತೆ. ಅದನ್ನು ಹಿಡಿಯಲು ಇವರ ಪಲ್ಟಣ ಹೋಯಿತು. ಗುಡ್ಡ ಸಿಗಲಿಲ್ಲ, ಹೆಣವೂ ಬರಲಿಲ್ಲ. ಅವರ ಗೆಳೆಯ ನಾಗಪ್ಪ ಬರೆದ ಪತ್ರ ಬಂತು. ಗುಂಡು ಬಿದ್ದ ಕೂಡಲೇ ಜೀವ ಹೋಯಿತು, ಏನೂ ತ್ರಾಸಾಗಲಿಲ್ಲ ಎಂದು ಅದರಲ್ಲಿತ್ತು. ಮೂವತ್ತೈದು ವರ್ಷ ಅದನ್ನೇ ನಂಬಿದೆ. ಹೋದ ತಿಂಗಳು ಮದುವೆಯೊಂದರ ಊಟದ ಪಂಕ್ತಿಯಲ್ಲಿ ಅದೇ ಪಲ್ಟಣದ ಇನ್ನೊಬ್ಬ ಮುದುಕ, "ಪಾಪ, ನಿನ್ನ ಗಂಡ ರಾತ್ರಿ ಬೆಳತನಕ ಒದರಿದ" ಎಂದುಬಿಟ್ಟ. ಕೈಯೊಳಗಿನ ತುತ್ತು ಎಲೆಗೆ ಹಾಕಿ ನಾಗಪ್ಪನ ವಿಳಾಸ ಕೇಳಿದೆ. ಸುಬೇದಾರನಾಗಿ ನಿವೃತ್ತಿಯಾಗಿ ದಿಲ್ಲಿ ಹತ್ತಿರ ಇಂದಿರಾಪುರಂನಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದ.

ಮಥುರೆ ದಾಟಿದ ಮೇಲೆ ಮಂಜು. ರೈಲು ಆರು ತಾಸು ನಿಂತಲ್ಲೇ ನಿಂತಿತು. ಕಿಟಕಿಯಾಚೆ ಏನೂ ಇಲ್ಲ, ಹಾಲು ಒಡೆದ ಹಾಗೆ. ಚಹಾ ಐದು ರೂಪಾಯಿ, ನೀರಿಗಿಂತ ತೆಳ್ಳಗೆ. ನಿಜಾಮುದ್ದೀನ್‌ನಲ್ಲಿ ಇಳಿದಾಗ ಬಿಸಿಲು ಬಂದಿತ್ತು. ಆಟೋದವನು ಎಂಬತ್ತು ರೂಪಾಯಿ ತೆಗೆದುಕೊಂಡು ದಿಲ್ಲಿ-ಯೂಪಿ ಗಡಿಯ ಹತ್ತಿರ ಇಳಿಸಿದ. "ಆಗೇ ಯೂಪಿ ಹೈ, ಅಮ್ಮಾ" ಎಂದು ಕೈ ತೋರಿಸಿದ. ಅಲ್ಲಿ ಊರಿನ ಕಸವನ್ನೆಲ್ಲ ಸುರಿದು ಗುಡ್ಡ ಮಾಡಿದ್ದಾರೆ, ಮೇಲೆ ಹದ್ದು ಹಾರುತ್ತವೆ. ಮೂಗು ಮುಚ್ಚಿಕೊಂಡು ನಡೆದು ಗಡಿ ದಾಟಿದೆ. ಆಚೆ ಶೇರ್ ಆಟೋ, ಐದು ರೂಪಾಯಿ. ಎಂಟು ಜನರ ನಡುವೆ ಚೀಲದ ಹಾಗೆ ಕೂತೆ.

ಇಂದಿರಾಪುರಂ ಎಂದರೆ ಮನೆಯ ಮೇಲೆ ಮನೆ. ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆಗೆದವಳು ನಾಗಪ್ಪನ ಮಗಳು ಸುಜಾತಾ. ಸರ್ಕಾರಿ ಕಚೇರಿಯಲ್ಲಿ ಕೆಲಸ. ಯಾರೆಂದು ಹೇಳಿದೆ. ಒಳಗೆ ಕರೆದು ಚಹಾ, ಬಿಸ್ಕತ್ತು ಕೊಟ್ಟಳು. ಆಮೇಲೆ ಮೆಲ್ಲಗೆ, "ಆಂಟಿ, ಪಾಪಾಗೆ ಬಿಪಿ ಇದೆ. ಲಡಾಯಿ ಮಾತು ಬೇಡ, ಪ್ಲೀಸ್" ಎಂದಳು.

"ಅದನ್ನ ಕೇಳಾಕನ ಬಂದೀನವಾ. ಬಿಸ್ಕೀಟು ನಮ್ಮೂರಾಗೂ ಸಿಗ್ತಾವ" ಎಂದೆ.

ನಾಗಪ್ಪ ಒಳಗಿನಿಂದ ಕೋಲೂರಿಕೊಂಡು ಬಂದರು. ನನ್ನನ್ನು ನೋಡಿದರು, ಗುರುತು ಹಿಡಿದರು. ನನ್ನ ಮಾತು ಒಳಗೆ ಕೇಳಿಸಿತ್ತೇನೋ. "ಕೆಳಗ ಹೋಗೂಣ ನಡಿ ತಂಗಿ. ಇಲ್ಲಿ ತೋರಸಾಕ ಆಗೂದಿಲ್ಲ" ಎಂದರು.

ಕೆಳಗೆ ಮಕ್ಕಳು ಆಡಲು ಮರಳು ಹಾಕಿದ ಜಾಗ. ಸುತ್ತ ಹೆಂಗಸರು ಬಿಸಿಲಿಗೆ ಕೂತು ಸ್ವೆಟರ್ ಹೆಣೆಯುತ್ತಿದ್ದರು, ಶೇಂಗಾ ಸುಲಿಯುತ್ತಿದ್ದರು. ಲಡಾಯಿಗೆ ಮುಂಚೆ ಮರಳಿನಲ್ಲಿ ವೈರಿಯ ಜಾಗ ಮಾಡಿ ಸಿಪಾಯಿಗಳಿಗೆ ತೋರಿಸುವುದು ಪಲ್ಟಣದ ಪದ್ಧತಿಯಂತೆ. ನಾಗಪ್ಪ ಮಂಡಿಯೂರಿ ಎರಡೂ ಕೈಯಿಂದ ಮರಳು ಎಳೆದು ಗುಡ್ಡ ಮಾಡಿದರು. ಶೇಂಗಾ ಸಿಪ್ಪೆ ಬಂಕರ್ ಆದವು. ಹೆಣೆಯುತ್ತಿದ್ದವಳ ಹತ್ತಿರ ಕೆಂಪು ಉಲ್ಲನ್ ತುಂಡು ಕೇಳಿ ಮುಳ್ಳುತಂತಿ ಹಾಸಿದರು. ಆಕೆ, "ಅಂಕಲ್‌ಜೀ, ಕಿಲಾ ಬನಾ ರಹೇ ಹೋ?" ಎಂದು, ಕೋಟೆ ಕಟ್ಟುವ ಆಟವೆಂದುಕೊಂಡು ನಕ್ಕಳು.

"ನಮ್ಮ ತೋಪು ಬಂಕರೆಲ್ಲಾ ಒಡದಾವ ಅಂತ ಹೇಳಿದ್ರು. ಒಂದೂ ಒಡದಿರಲಿಲ್ಲ" ಎಂದರು ನಾಗಪ್ಪ. "ಇಲ್ಲಿಂದ, ಎದುರಿಗೇ ಹತ್ತಿದ್ವಿ. ಎರಡು ಸಲ ಹೋದ್ವಿ, ಎರಡು ಸಲ ಹಿಂದ ಬಿದ್ವಿ."

"ಕಣಜದ ಗೂಡಿಗೆ ಬಾಯಿ ಕಡೆಯಿಂದ ಯಾರರ ಕೈ ಹಾಕ್ತಾರೇನ್ರಿ?"

"ಅವತ್ತ ಬಂದು ನಮ್ಮ ಸಾಹೇಬರಿಗೆ ಹೇಳಬೇಕಾಗಿತ್ತ ನೀನು" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ತಂತಿಯ ಈಚೆ ಒಂದು ಬೆಂಕಿಕಡ್ಡಿ ಮಲಗಿಸಿದರು. "ನಿನ್ನ ಗಂಡ ಈರಪ್ಪ ಇಲ್ಲಿ ಬಿದ್ದ. ಗುಂಡು ತೊಡೀಗೆ ಬಿದ್ದಿತ್ತು."

"ತೊಡೀಗೆ ಬಿದ್ರ ಕೂಡಲೇ ಸಾಯ್ತಾರೇನು?"

ಅವರು ಕಡ್ಡಿಯ ಸುತ್ತಲಿನ ಮರಳು ಸವರಿದರು.

"ಪತ್ರದಾಗ ಸುಳ್ಳು ಬರದ್ರಿ."

"ಬರದೆ. ಹಿಂದ ಬರ್ರಿ ಅಂತ ಹುಕುಂ ಆತು, ಎಲ್ಲಾರೂ ಹಳ್ಳಕ್ಕ ಇಳದ್ವಿ. ಅವ ಅಲ್ಲೇ ಉಳದ. ನಾಗ್ಯಾ, ನಾಗ್ಯಾ ಅಂತ ಒದರತಿದ್ದ." ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅವನ್ನ ತರಾಕ ಹೋಗೂ ಹುಕುಂ ಇರಲಿಲ್ಲ ಅಂತ ಎಲ್ಲಾರಿಗೂ ಹೇಳತೀನಿ. ನಿನಗ ಹಂಗ ಹೇಳೂದಿಲ್ಲ. ನನಗ ಅಂಜಿಕಿ ಆಗಿತ್ತು, ತಂಗಿ."

"ಎಷ್ಟು ಹೊತ್ತು ಒದರಿದ್ರು?"

"ಬೆಳಕ ಹರಿಯೂತನಕ. ಆಮೇಲೆ ಕೇಳಲಿಲ್ಲ."

"ದೂರ ಎಷ್ಟು ಇತ್ತು?"

ಅವರು ತಲೆ ಎತ್ತಿ ಅಳೆದು ನೋಡಿದರು. "ಇಲ್ಲಿಂದ ಗೇಟಿನಷ್ಟು."

ನಾನು ಎದ್ದು ನಡೆದೆ. ನೂರ ನಲವತ್ತೆರಡು ಹೆಜ್ಜೆ. ನನ್ನ ಕಾಲಿಗೇ ಅಷ್ಟೇನೂ ಹೊತ್ತು ಹಿಡಿಯಲಿಲ್ಲ. ಮೇಲಿನಿಂದ ಗುಂಡು ಬೀಳುತ್ತಿರಲಿಲ್ಲ, ಅದೂ ಖರೆ. ಗೇಟಿನ ಹತ್ತಿರ ನಿಂತು, ಅಲ್ಲಿಗೆ ದನಿ ಹೇಗೆ ಮುಟ್ಟುತ್ತದೆ ಎಂದು ನೋಡಲು, "ನಾಗಪ್ಪಣ್ಣಾ!" ಎಂದು ಕೂಗಿದೆ. ಹೆಣೆಯುವ ಕೈಗಳು ನಿಂತವು. ಕಾವಲುಗಾರ, "ಕ್ಯಾ ಹುವಾ, ಮಾತಾಜಿ?" ಎಂದು ಓಡಿ ಬಂದ.

ನಾಗಪ್ಪ ಎದ್ದುಬಿಟ್ಟರು. ಕೋಲನ್ನು ಅಲ್ಲೇ ಬಿಟ್ಟು ನನ್ನ ಕಡೆ ನಡೆಯತೊಡಗಿದರು. ಬೇಡ, ಕೂಡ್ರಿ ಎಂದು ಕೈ ಮಾಡಿದೆ. ಕೇಳಲಿಲ್ಲ. ಎರಡು ಸಲ ಜೋಲಿ ಹೊಡೆದರು, ಬೆಂಚು ಹಿಡಿದು ಸುಧಾರಿಸಿಕೊಂಡು ಮತ್ತೆ ನಡೆದರು. ಬಂದು ನನ್ನೆದುರು ಏದುಸಿರು ಬಿಡುತ್ತ ನಿಂತರು.

"ಈಗ ಬಂದ್ರ ಏನಾತ್ರಿ?" ಎಂದೆ.

"ಏನೂ ಆಗಲಿಲ್ಲ" ಎಂದರು.

ಅವರ ರಟ್ಟೆ ಹಿಡಿದು ಲಿಫ್ಟಿನ ತನಕ ಕರೆದುಕೊಂಡು ಹೋದೆ. ಕ್ಷಮಿಸು ಎಂದು ಅವರು ಕೇಳಲಿಲ್ಲ, ಕ್ಷಮಿಸಿದೆ ಎಂದು ನಾನೂ ಹೇಳಲಿಲ್ಲ. ಸುಜಾತಾ ಅಂದು ಅನ್ನ ಸಾರು ಮಾಡಿ ಹಾಕಿದಳು. ಮೂವರೂ ಕೂಡಿ ಉಂಡೆವು.

ಮರುದಿನ ರೈಲು ಹತ್ತಿದೆ. ಕತ್ತಲಾದ ಮೇಲೆ ಬೋಗಿಯವರೆಲ್ಲ ಹಾಸಿಕೊಂಡರು, ದೀಪ ಆರಿಸಿದರು. ಎದುರಿನ ಸೀಟಿನ ಹೆಂಗಸು, "ಸೋ ಜಾವೋ, ಅಮ್ಮಾ" ಎಂದಳು. ನೀನು ಮಲಗವ್ವಾ ಎಂದೆ. ಕೂಡಲೇ ಹೋದರೆಂದು ನಂಬಿ ಮೂವತ್ತೈದು ವರ್ಷ ನಾನು ನಿದ್ದೆ ಮಾಡಿದ್ದೇನೆ. ಶಾಲು ಹೊದ್ದುಕೊಂಡು ಬೆಳಕು ಹರಿಯುವ ತನಕ ಎದ್ದು ಕೂತಿದ್ದೆ.