ತೂಕ ಕೂಗುವ ನಾರ್ಮನ್

"ನೋಡು ಐವಿ, ಮೇಯರ್ ಅಂದ್ರೆ ಯಾರು? ನಿನ್ನೆವರೆಗೂ ನಮ್ ಜೊತೆ ಸಾಲಲ್ಲಿ ನಿಂತು ಬ್ರೆಡ್ ತಗೊಂಡು ಹೋಗ್ತಿದ್ದೋನು. ಒಂದಿನ ಬೆಳಿಗ್ಗೆ ಅವನ ಮೈಗೊಂದು ಕೆಂಪು ನಿಲುವಂಗಿ, ಕೊರಳಿಗೊಂದು ಚಿನ್ನದ ಸರ ಬಿತ್ತು ಅಂದ್ರೆ ಊರಿಗೂರೇ ಕರೆದು ಊಟ ಹಾಕುತ್ತೆ. ವ್ಯಾಪಾರಿಗಳ ಸಂಘದವ್ರು ಹಾಕ್ತಾರೆ, ಚರ್ಚಿನವ್ರು ಹಾಕ್ತಾರೆ, ಬೆಂಕಿ ಆರಿಸೋರೂ ಹಾಕ್ತಾರೆ. ನಮ್ಮ ಹಿರೀಕರೇನು ದಡ್ಡರಾ? ಚೌಕದಲ್ಲಿ ತಕ್ಕಡಿ ಕಟ್ಟಿಸಿದ್ರು. ಕುರ್ಚಿ ಹಿಡಿಯೋ ದಿನ ಒಂದ್ಸಲ ತೂಗು, ಬಿಡೋ ದಿನ ಒಂದ್ಸಲ ತೂಗು. ಬಾಯಿ ಏನ್ ಬೇಕಾದ್ರೂ ಹೇಳುತ್ತೆ, ಹೊಟ್ಟೆಗೆ ಸುಳ್ಳು ಹೇಳೋಕೆ ಬರಲ್ಲ. ಆ ತೂಕ ಕೂಗ್ತಿದ್ದೋನು ನಮ್ಮಪ್ಪ, ಅವನಾದ್ಮೇಲೆ ನಾನು. ನಮ್ಮಿಬ್ರ ಬಾಯಿಂದ ಒಂದೇ ಒಂದು ಸುಳ್ಳು ತೂಕ ಬಂದಿಲ್ಲ. ನಂಗೆ ಸ್ವಂತ ಮನೆ ಇಲ್ಲ, ಕಾರಿಲ್ಲ, ಇರೋದು ಅದೊಂದೇ. ಅದನ್ನೂ ಈ ಕ್ಲೈವ್ ಪಿನಕ್ ಕೆಡಿಸಿಬಿಟ್ನೇನೋ ಅಂತ ನಂಗೆ ಅನುಮಾನ."

ನಾರ್ಮನ್ ಹಾಬ್ಡೇ ಇದನ್ನು ನನಗೆ ಹೇಳಿದ್ದು ಹೆಸ್ಲಿಂಗ್‌ಫರ್ಡ್ ಪುರಭವನದಲ್ಲಿ, ಮೇಯರ್ ಕೋಣೆಯ ಹಿಂದಿನ ಸಣ್ಣ ಅಡುಗೆಮನೆಯಲ್ಲಿ. ಅಲ್ಲಿ ಚಹಾ ಮಾಡುವುದು, ಕಪ್ಪು ತೊಳೆಯುವುದು ನನ್ನ ಕೆಲಸ. ಮೇಯರ್ ಎಲ್ಲಿಗೆ ಹೋದರೂ ಬೆಳ್ಳಿ ದಂಡ ಹಿಡಿದು ಮುಂದೆ ನಡೆಯುವುದು, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ತೂಕ ಕೂಗುವುದು ಅವನ ಕೆಲಸ. ನಡುವೆ ಸಮಯ ಸಿಕ್ಕರೆ ನಾನು ತೊಳೆದ ಕಪ್ಪು ಒರೆಸುತ್ತಿದ್ದ.

ಅವನಿಗೆ ಅನುಮಾನ ಹೊಸದಲ್ಲ. ಬಸ್ ಕಂಡಕ್ಟರ್ ಆಗಿದ್ದವನು, ಮಲಗಿದವರನ್ನೂ ಎಬ್ಬಿಸಿ ಟಿಕೆಟ್ ಕೇಳುತ್ತಿದ್ದವನು. ತನ್ನ ಮದುವೆಯ ದಿನವೇ ಕೇಕಿನ ಕೆಳಗಿನ ಹಂತ ನಿಜವಾದದ್ದೋ ರಟ್ಟಿನದ್ದೋ ಎಂದು ಚಾಕು ಚುಚ್ಚಿ ನೋಡಿದ್ದ. ಅವನ ಹೆಂಡತಿ ಜಾಯ್ಸ್ ಬದುಕಿದ್ದಷ್ಟು ದಿನವೂ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಮೇಯರರ ಧರ್ಮನಿಧಿಗೆಂದು ಲಾಟರಿ ಎತ್ತುವಾಗ ಚೀಟಿಯ ಡಬ್ಬವನ್ನು ಅವನೇ ಅಲ್ಲಾಡಿಸಬೇಕು, ಬೇರೆಯವರು ಮುಟ್ಟುವಂತಿಲ್ಲ.

ಆ ವರ್ಷದ ಮೇಯರ್ ಕ್ಲೈವ್ ಪಿನಕ್‌ಗೆ ಚೌಕದಲ್ಲೇ ಕಬ್ಬಿಣದ ಸಾಮಾನಿನ ಅಂಗಡಿ. ಒಂದೇ ಒಂದು ಮೊಳೆ ಬೇಕೆಂದರೂ ಬೇಸರವಿಲ್ಲದೆ ಕೊಡುವ ಮನುಷ್ಯ. ವೃದ್ಧರು ಹಗಲು ಕಳೆಯುವ ಹಗಲುಮನೆಗೆ ಒಂದು ವ್ಯಾನ್ ಕೊಡಿಸುತ್ತೇನೆ, ಗಾಲಿಕುರ್ಚಿಯವರೂ ಹತ್ತಿ ಸಂತೆಗೆ ಬರುವಂಥದ್ದು ಎಂದು ಮಾತು ಕೊಟ್ಟಿದ್ದ. ಬೇಸಿಗೆಯ ತೋಟದ ಕೂಟ ಮಳೆಗೆ ತೊಳೆದುಹೋಯಿತು, ಕೇಕಿನ ಮಾರಾಟಕ್ಕೆ ಜನ ಬರಲಿಲ್ಲ. ಶರತ್ಕಾಲದ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು. "ಮುಂದಿನ ಮೇ ತಿಂಗಳಿಗೆ ನನ್ನ ತೂಕ ಎಷ್ಟು ಇಳಿದಿರುತ್ತೋ ಅದಕ್ಕೆ ತಕ್ಕ ಹಾಗೆ ನೀವು ದುಡ್ಡು ಕೊಡಿ" ಎಂದು ಸಭೆಯಲ್ಲಿ ಹೇಳಿದ. ಊರವರು ಚಪ್ಪಾಳೆ ತಟ್ಟಿ ಹೆಸರು ಬರೆಸಿದರು. ನಾರ್ಮನ್ ಮಾತ್ರ ಅಡುಗೆಮನೆಗೆ ಬಂದು ಬಾಗಿಲು ಹಾಕಿದ.

"ಐವಿ, ಹೋದ ಮೇ ತಿಂಗಳಲ್ಲಿ ಅವನು ತಕ್ಕಡಿ ಹತ್ತೋವಾಗ ಸದ್ದಾಯ್ತು. ನೀನೂ ಕೇಳಿದ್ಯಲ್ಲ?"

"ಸರದ ಸದ್ದು ಇರ್ಬೇಕು."

"ಸರ ಇನ್ನೂ ಹಳೇ ಮೇಯರ್ ಕೊರಳಲ್ಲಿತ್ತು. ಇದು ಜೇಬಿನ ಸದ್ದು. ಅಂಗಡಿಯಿಂದ ಓಡಿ ಬಂದು, ಆ ಕಂದು ಕೋಟಿನ ಮೇಲೇ ನಿಲುವಂಗಿ ಹಾಕ್ಕೊಂಡ. ಆ ಕೋಟಲ್ಲಿ ಏನಿತ್ತೋ! ಕಬ್ಬಿಣಾನ ಮೈತೂಕ ಅಂತ ನಾನು ಕೂಗ್ಬಿಟ್ನಲ್ಲೇ!"

"ಆಗ ಈ ಪಂದ್ಯವೇ ಇರ್ಲಿಲ್ಲವಲ್ಲೋ ನಾರ್ಮನ್. ಬೇಕಂತ ಮಾಡ್ದ ಅಂತೀಯಾ?"

"ಯಾರಿಗ್ಗೊತ್ತು? ಉಪಾಯ ತಲೇಲಿ ಯಾವಾಗ ಹುಟ್ತು ಅಂತ ಅವನೊಬ್ಬನಿಗೇ ಗೊತ್ತು."

ನಾನೂ ಆ ಸದ್ದು ಕೇಳಿದ್ದೆ. ಕೇಳಿಲ್ಲ ಎಂದು ಹೇಳುವುದು ನನ್ನಿಂದಾಗಲಿಲ್ಲ.

ಅಂದಿನಿಂದ ನಾರ್ಮನ್ ಮೇಯರರ ತಟ್ಟೆಯನ್ನೇ ಕಾಯತೊಡಗಿದ. ಔತಣಗಳಲ್ಲಿ ಕ್ಲೈವ್ ಆಲೂಗಡ್ಡೆ ಪಕ್ಕಕ್ಕಿಡುತ್ತಿದ್ದ, ಸಿಹಿ ಬಂದರೆ ಮೆಲ್ಲಗೆ ನಾರ್ಮನ್ ಕಡೆ ತಳ್ಳುತ್ತಿದ್ದ. "ತಿನ್ನೋನನ್ನ ನಂಬಬೋದು, ತಿನ್ನದೋನನ್ನ ಹೆಂಗ್ ನಂಬೋದು?" ಎನ್ನುತ್ತಲೇ ನಾರ್ಮನ್ ಆ ಸಿಹಿಯನ್ನು ಮುಗಿಸುತ್ತಿದ್ದ. ಚಳಿಗಾಲ ಕಳೆಯುವಷ್ಟರಲ್ಲಿ ಅವನ ಸಮವಸ್ತ್ರದ ಗುಂಡಿಗಳನ್ನು ನಾನು ಎರಡು ಸಲ ಅಂಚಿಗೆ ಸರಿಸಿ ಹೊಲಿದೆ.

"ಒಗೆದು ಒಗೆದು ಬಟ್ಟೆ ಕುಗ್ಗಿದೆ" ಎಂದ.

"ಹೌದು ಹೌದು, ಹೊಟ್ಟೆ ಹತ್ರ ಮಾತ್ರ ಕುಗ್ಗಿದೆ" ಎಂದೆ.

ಮೇ ಬಂತು. ಚೌಕದಲ್ಲಿ ಮೂರು ಕಾಲಿನ ಹಿತ್ತಾಳೆ ತಕ್ಕಡಿ ನಿಂತಿತು, ಅದರಿಂದ ಕುರ್ಚಿ ತೂಗಿಬಿತ್ತು. ಹಗಲುಮನೆಯವರು ಗಾಲಿಕುರ್ಚಿಗಳಲ್ಲಿ ಮುಂದಿನ ಸಾಲಿನಲ್ಲೇ ಇದ್ದರು. ಮೇಯರ್ ದಪ್ಪಗಾಗಿದ್ದರೆ ಕೂಗುವವನು "ಇನ್ನೂ ಇದೆ!" ಎನ್ನಬೇಕು, ಜನ ಛೀ ಥೂ ಎನ್ನಬೇಕು. ಆಗಿರದಿದ್ದರೆ "ಅಷ್ಟೇ, ಹೆಚ್ಚಿಲ್ಲ!" ಎನ್ನಬೇಕು, ಜನ ಜೈಕಾರ ಹಾಕಬೇಕು. ತೂಕದ ಜೊತೆ ಕೂಗಲು ಮೊದಲಿಂದ ಇರುವುದು ಈ ಎರಡೇ ಮಾತು.

ಕ್ಲೈವ್ ಹೊಸ ಸೂಟಿನಲ್ಲಿ ಬಂದ. ಕೆನ್ನೆ ಒಳಹೋಗಿತ್ತು. ನಿಲುವಂಗಿ ಮೊಳೆಗೆ ನೇತುಹಾಕಿದಂತೆ ಜೋಲುತ್ತಿತ್ತು. ಕುರ್ಚಿಯ ಮುಂದೆ ನಾರ್ಮನ್ ದಂಡ ಅಡ್ಡ ಹಿಡಿದ.

"ಮೇಯರ್ ಸಾಹೇಬ್ರೇ, ಜೇಬು ತೋರ್ಸಿ."

ಜನ ಗೊಳ್ಳೆಂದು ನಕ್ಕರು. ಜೇಬಿನಲ್ಲಿ ಒಂದು ಕರವಸ್ತ್ರ ಬಿಟ್ಟರೆ ಏನೂ ಇರಲಿಲ್ಲ.

"ಹೋದ ವರ್ಷ ಏನಿತ್ತು?"

ಕ್ಲೈವ್ ಮುಖ ಕೆಂಪಾಯಿತು. ಅಷ್ಟರಲ್ಲಿ ಅವನ ಹೆಂಡತಿ ಬ್ರೆಂಡಾ ಮುಂದೆ ಬಂದಳು. "ಏನಿತ್ತು ಅಂತ ಕೇಳ್ತೀರಲ್ರೀ ನಾರ್ಮನ್, ಇವ್ರ ಜೇಬಲ್ಲಿ ಯಾವತ್ತು ಏನಿರಲ್ಲ ಅಂತ ಕೇಳಿ! ಕೀಲು, ತಿರುಪು, ಬೀಗದ ಕೈ! ನನ್ನ ಬಟ್ಟೆ ಒಗೆಯೋ ಯಂತ್ರ ಕೆಟ್ಟಿದ್ದೇ ಅದ್ರಿಂದ!"

ಕ್ಲೈವ್ ನಾರ್ಮನ್‌ನನ್ನು ನೋಡಿದ. "ನಂಗೆ ಹೊಳೀಲೇ ಇಲ್ಲ ಕಣಯ್ಯಾ. ಅಂಗಡಿಯಿಂದ ನೆಟ್ಟಗೆ ಬಂದಿದ್ದೆ. ಏನೇನಿತ್ತು ಅಂತ ಈಗ ಹೆಂಗ್ ಹೇಳ್ಲಿ?"

"ಹಂಗಾದ್ರೆ ಆ ಕೋಟು ತರ್ಸಿ, ಹೋದ ವರ್ಷದ ಹಂಗೇ ತೂಗೋಣ. ಇವತ್ತು ಬೆಳಿಗ್ಗೆ ಹೆಂಗ್ ಬಿಚ್ಚಿಟ್ರೋ ಹಂಗೇ ಬರ್ಲಿ, ಯಾರೂ ಕೈ ಹಾಕ್ಬೇಡಿ."

ಬ್ರೆಂಡಾ ಚೌಕ ದಾಟಿ ಹೋಗಿ ಅಂಗಡಿಯಿಂದ ಕಂದು ಕೋಟು ತಂದಳು. ಕ್ಲೈವ್ ಸೂಟಿನ ಮೇಲಂಗಿ ತೆಗೆದು ಅದನ್ನು ತೊಟ್ಟ, ಮೇಲೆ ನಿಲುವಂಗಿ ಹಾಕಿದ, ಚಿನ್ನದ ಸರವನ್ನು ತೆಗೆದು ಪಕ್ಕಕ್ಕಿಟ್ಟ. ಕೂತಾಗ ಹೋದ ವರ್ಷದ್ದೇ ಸದ್ದು. ನಾನು ಮೆಟ್ಟಿಲ ಮೇಲಿಂದ ಕಿವಿಗೊಟ್ಟು ಕೇಳಿದೆ, ಅದೇ ಸದ್ದು.

ನಾರ್ಮನ್ ಮುಳ್ಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕುತ್ತಿಗೆ ಎತ್ತಿ ತೂಕ ಹೇಳಿ, "ಅಷ್ಟೇ, ಹೆಚ್ಚಿಲ್ಲ!" ಎಂದು ಕೂಗಿದ. ತೂಕ ಇಳಿದಿತ್ತು, ಆದರೆ ಇಳಿದದ್ದು ಎಲ್ಲರೂ ಎಣಿಸಿದ್ದರ ಅರ್ಧವೂ ಇರಲಿಲ್ಲ. ವ್ಯಾನಿಗೆ ಅದು ಸಾಲದು.

ಜೈಕಾರ ಏಳಲಿಲ್ಲ. ಮುಂದಿನ ಸಾಲಿನಿಂದ ಹಗಲುಮನೆಯ ಮ್ಯಾವಿಸ್ ಕೈಕೋಲು ಎತ್ತಿದಳು. "ಲೋ ನಾರ್ಮನ್, ನಮ್ಮ ವ್ಯಾನು ನುಂಗ್ಬಿಟ್ಯಲ್ಲೋ!"

"ನಾನು ಮುಳ್ಳು ತೋರ್ಸಿದ್ದು ಹೇಳ್ದೆ, ಮ್ಯಾವಿಸ್."

"ನುಂಗಿದ್ದು ನಿನ್ನ ಹೊಟ್ಟೇಲೇ ಕಾಣ್ತಿದೆ! ಅವ್ನನ್ನೂ ಕೂರಿಸ್ರೋ!"

"ಕೂರ್ಸಿ! ಕೂರ್ಸಿ!" ಎಂದು ಚೌಕವೆಲ್ಲ ಎದ್ದಿತು. ಕ್ಲೈವ್ ತಾನೇ ಕೆಳಗಿಳಿದು ಕುರ್ಚಿ ಒರೆಸಿ ಬಿಟ್ಟುಕೊಟ್ಟ. ಕೈಯಲ್ಲಿನ ದಂಡವನ್ನು ನನಗೆ ಕೊಟ್ಟು ನಾರ್ಮನ್ ಕೂತ, ತಕ್ಕಡಿ ಕಿರ್ರೆಂದಿತು. ಅವನ ಹಳೆಯ ತೂಕ ಯಾರಿಗೂ ಗೊತ್ತಿಲ್ಲ. ಆದರೂ ಜನ ಒಂದೇ ಕೊರಳಲ್ಲಿ "ಇನ್ನೂ ಇದೆ! ಇನ್ನೂ ಇದೆ!" ಎಂದು ಕೂಗಿದರು. ಅಷ್ಟು ಜೋರಾಗಿ ಯಾವ ಮೇಯರಿಗೂ ಕೂಗಿರಲಿಲ್ಲ. ಮ್ಯಾವಿಸ್ ಅವನ ಸಮವಸ್ತ್ರದ ಮೂರು ಮೂಲೆಯ ಟೋಪಿಯನ್ನು ಕಸಿದುಕೊಂಡು, ಕೂಗಿದವರೆಲ್ಲ ದುಡ್ಡು ಹಾಕಬೇಕು ಎಂದು ಸಾಲು ಸಾಲಾಗಿ ತಿರುಗಿಸಿದಳು. ಟೋಪಿ ತುಂಬಿ ಬಂತು. ಅವನು ಕೂತಲ್ಲಿಂದಲೇ ಬಗ್ಗಿ ಅದರೊಳಗೆ ಕೈಯಾಡಿಸಿದ.

"ಇಲ್ಲೊಂದು ಕೋಟಿನ ಗುಂಡಿ ಇದೆ. ಯಾರು ಹಾಕಿದ್ದು?" ಎಂದ.

ಯಾರೂ ಒಪ್ಪಿಕೊಳ್ಳಲಿಲ್ಲ.

ವ್ಯಾನಿಗೆ ಇನ್ನೂ ಕೊರತೆಯಿತ್ತು. ಮುಂದಿನ ಮೇಯರ್ ಆ ದುಡ್ಡು ಕೂಡಿಸುವ ಕೆಲಸವನ್ನೇ ಮುಂದುವರಿಸುವುದಾಗಿ ಅಲ್ಲೇ ಹೇಳಿದಳು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಕಪ್ಪುಗಳ ರಾಶಿ. ನಾರ್ಮನ್ ತೋಳು ಮಡಚಿ ಒರೆಸುವ ಬಟ್ಟೆ ಹಿಡಿದು ನಿಂತ.

"ಐವಿ, ಇವತ್ತಿನ ಕೋಟಲ್ಲಿ ಹೋದ ವರ್ಷದಷ್ಟೇ ಕಬ್ಬಿಣ ಇತ್ತು ಅಂತ ಏನ್ ಗ್ಯಾರಂಟಿ? ಹೆಚ್ಚಿದ್ರೆ ಅವನಿಗೆ ಮೋಸ. ಕಮ್ಮಿ ಇದ್ರೆ ಊರಿಗೆ ಮೋಸ."

"ಗ್ಯಾರಂಟಿ ಇಲ್ಲ."

"ಮತ್ತೆ ನಾನು ಕೂಗಿದ್ದು?"

"ನೀನು ಎಲ್ಲಾರ್ ಎದುರು ಕೇಳಿ, ನೋಡಿ ಕೂಗಿದೀಯ. ಸುಮ್ನೆ ಒರ್ಸು."

ಅವನು ನಾನು ಕೊಟ್ಟ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದ, ಒಳಗೆ ಬೆರಳು ಹಾಕಿ ಉಜ್ಜಿ ನೋಡಿದ, ನನ್ನ ಮುಖ ನೋಡಿದ. ಮತ್ತೆ ಸೋಪಿನ ನೀರಿಗೇ ಬಿಟ್ಟ. ನಾನು ಅದನ್ನು ಎತ್ತಿ ಇನ್ನೊಮ್ಮೆ ತೊಳೆದೆ.